ಗಾಳಿಕೋವಿಯ ಕೆಂಪು

ಮೊನ್ನೆ ಮಗಳು ಅಳಿಯನ ಜೊತೆ ಸಂಪಾಜೆ ಘಾಟಿ ಹತ್ತಿ ಹೋಗಿದ್ದೆ. ಅಲ್ಲೊಂದು ರೆಸಾರ್ಟಿನಲ್ಲಿ ಕತ್ತೆ ವಯಸ್ಸಿನವರೆಲ್ಲ ಮುಖಕ್ಕೆ ಮುಸುಕು ಹಾಕಿಕೊಂಡು ಒಬ್ಬರಿಗೊಬ್ಬರು ಬಣ್ಣದ ಗುಂಡು ಹೊಡೆಯುತ್ತಿದ್ದರು. ರಿಪೇರಿ ಕೆಲಸ ಮಾಡಿ ಮುದುಕನಾದವನ ಕೈ ಸುಮ್ಮನಿರುವುದಿಲ್ಲ. ಆಟ ಆಡಿಸುವವನ ಹತ್ತಿರ ಒಂದು ಕೋವಿ ಕೇಳಿ ತೆಗೆದುಕೊಂಡು ತಿರುಗಿಸಿ ನೋಡಿದೆ. ಹಿಂದೆ ಗಾಳಿ ತುಂಬಿದ ಸಿಲಿಂಡರು, ಅದರ ಬಾಯಿಗೆ ವಾಲ್ವು. ಕುದುರೆ, ಅಂದರೆ ಟ್ರಿಗರು, ಎಳೆದರೆ ಸ್ಪ್ರಿಂಗಿನ ಬಲಕ್ಕೆ ಒಂದು ಲೋಹದ ತುಂಡು ಹಾರಿ ಬಂದು ವಾಲ್ವಿನ ಕಡ್ಡಿಗೆ ಬಡಿಯುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ವಾಲ್ವು ತೆರೆದು ಮುಚ್ಚುತ್ತದೆ. ಅಷ್ಟರೊಳಗೆ ಗುಂಡು ಹೋಗಿಯಾಯಿತು.

"ಇದನ್ನು ನಾನು ಮಾಡಿದ್ದೆ" ಎಂದೆ.

"ಅಪ್ಪನಿಗೆ ಲೋಕದಲ್ಲಿ ಇದ್ದದ್ದೆಲ್ಲ ತಾನು ಮಾಡಿದ್ದೇ" ಎಂದು ಮಗಳು ನಕ್ಕಳು.

ಅಷ್ಟರಲ್ಲಿ ಒಬ್ಬ ಹೆಂಗಸು ಬೆನ್ನಿನ ತುಂಬ ಕೆಂಪು ಹೊತ್ತುಕೊಂಡು ನಗುತ್ತಾ ತನ್ನ ಗುಂಪಿನ ಕಡೆಗೆ ಓಡಿದಳು. ಗುಂಪಿನವರು ತಮಾಷೆಗೆ ಕಿರುಚಿ ಅವಳಿಂದ ದೂರ ಓಡಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಿಸಿಲು ಹೆಚ್ಚಾಯಿತು ಎಂದು ಸುಳ್ಳು ಹೇಳಿ ಕಾರಿನೊಳಗೆ ಹೋಗಿ ಕೂತೆ.

ಎಂಬತ್ತನೆಯ ಇಸವಿಯ ಆಚೀಚೆ ನಾನು ಪುತ್ತೂರಿನ ಒಂದು ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸೀಮೆಎಣ್ಣೆ ಸ್ಟೌ, ಗ್ಯಾಸ್‌ಲೈಟು, ತೋಟಕ್ಕೆ ಮದ್ದು ಹೊಡೆಯುವ ಪಂಪು, ಏರ್‌ಗನ್ನು, ಹೀಗೆ ಗಾಳಿಯನ್ನು ಅದುಮಿ ಕೆಲಸ ಮಾಡಿಸುವ ಸಾಮಾನು ಯಾವುದು ಕೆಟ್ಟರೂ ನಮ್ಮಲ್ಲಿಗೆ ಬರುತ್ತಿತ್ತು. ಅಂಗಡಿಯ ಯಜಮಾನರು ಒಬ್ಬ ಬ್ಯಾರಿ ಮುದುಕರು. ನಾವೆಲ್ಲ ಸಾಹೇಬರೆಂದೇ ಕರೆಯುತ್ತಿದ್ದೆವು. ಏರ್‌ಗನ್ನು ಬಿಚ್ಚಲು ಅವರೇ ಕಲಿಸಿದ್ದು. ನಳಿಗೆಯನ್ನು ಮುರಿದ ಹಾಗೆ ಬಗ್ಗಿಸಿದರೆ ಒಳಗಿನ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗು ಮಡಚಿಕೊಳ್ಳುತ್ತದೆ, ಒಂದು ಸಣ್ಣ ಕೊಕ್ಕೆ ಅದನ್ನು ಹಿಡಿದಿಡುತ್ತದೆ. ಕುದುರೆ ಎಳೆದರೆ ಕೊಕ್ಕೆ ಜಾರಿ ಪಿಸ್ಟನ್ ಮುಂದಕ್ಕೆ ಹಾರುತ್ತದೆ. ಗುಂಡನ್ನು ನೂಕುವುದು ಸ್ಪ್ರಿಂಗು ಎಂದು ಜನ ತಿಳಿಯುತ್ತಾರೆ. ಸ್ಪ್ರಿಂಗು ಗುಂಡನ್ನು ಮುಟ್ಟುವುದೇ ಇಲ್ಲ. ನೂಕುವುದು ಅವೆರಡರ ನಡುವೆ ಸಿಕ್ಕಿಬಿದ್ದ ಒಂದು ಹಿಡಿ ಗಾಳಿ.

"ಗಾಳಿ ಹಿಡಿಯುದು ದೊಡ್ಡ ಸಂಗತಿ ಅಲ್ಲ ಮಾರಾಯ. ಸ್ಟೌ ಪಂಪು ಮಾಡುವ ಹೆಂಗಸರಿಗೂ ಬರ್ತದೆ. ಬಿಡುದು ಹೇಗೆ, ಎಷ್ಟು ಬಿಡುದು, ಅಲ್ಲಿ ಉಂಟು ವಿದ್ಯೆ" ಎನ್ನುತ್ತಿದ್ದರು ಸಾಹೇಬರು. ಅವರು ಹೇಳಿದ್ದು ಕೊಕ್ಕೆಯ ವಿಷಯ. ನನಗೆ ಇಪ್ಪತ್ತಮೂರು ವರ್ಷ. ಕೋಪ ಮೂಗಿನ ತುದಿಯಲ್ಲಿ, ಗರ್ವ ಅದಕ್ಕಿಂತಲೂ ಮುಂದೆ.

ಕಡಬದಿಂದ ನೆಟ್ಟಣಕ್ಕೆ ಹೋಗುವ ಕಡೆ ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಒಬ್ಬರೇ ಇದ್ದರು. ಮದುವೆಯಾಗಿ ಎರಡು ವರ್ಷಕ್ಕೆ ಅವರ ತುಟಿಯ ಹತ್ತಿರ ಒಂದು ಬಿಳಿ ಕಲೆ ಕಾಣಿಸಿತು. ಮೂರನೆಯ ವರ್ಷ ಅದು ಕೈಗೆ, ಕತ್ತಿಗೆ ಇಳಿಯಿತು. ತೊನ್ನು. ಗಂಡನ ಮನೆಯವರು ತವರಿಗೆ ಕಳಿಸಿದರು, ತವರಿನವರು ಕೊನೆಯ ಮೂಲೆಯಲ್ಲಿದ್ದ ಒಂದು ತುಂಡು ಜಾಗ ಕೊಟ್ಟು ಅಲ್ಲಿ ಕೂರಿಸಿದರು. ಅದು ಅಂಟುವ ರೋಗವಲ್ಲ ಎಂದು ಪುತ್ತೂರಿನ ಡಾಕ್ಟರು ಹೇಳಿದ್ದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಸುಳ್ಯದ ನಮ್ಮ ಮನೆಯ ಜಗಲಿಯ ಗೋಡೆಯ ಗೂಡಿನಲ್ಲಿ ದೊಡ್ಡಮ್ಮನಿಗೆಂದೇ ಒಂದು ಲೋಟ ಕವುಚಿ ಇಟ್ಟಿತ್ತು. ಬಂದಾಗ ತಾವೇ ತೆಗೆಯುತ್ತಿದ್ದರು, ಕಾಫಿ ಕುಡಿದು ತಾವೇ ತೊಳೆದು ಮತ್ತೆ ಕವುಚುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ, ಎಂದು ಅಮ್ಮ ಹೇಳುತ್ತಿದ್ದಳು.

ಆ ತುಂಡು ಜಾಗದಲ್ಲಿ ದೊಡ್ಡಮ್ಮ ಕೊಕ್ಕೋ ಹಾಕಿದ್ದರು. ಆಗ ನಮ್ಮ ಕಡೆ ಎಲ್ಲರಿಗೂ ಕೊಕ್ಕೋದ ಹುಚ್ಚು. ಅವರಿಗೆ ಮಾತ್ರ ಹುಚ್ಚಲ್ಲ, ಊಟ. ಕಾಯಿ ಹಳದಿ ತಿರುಗುವ ಹೊತ್ತಿಗೆ ಮಂಗಗಳು ಬರುತ್ತಿದ್ದವು. ತೂತು ಕೊರೆದು, ಒಳಗಿನ ಸಿಹಿ ಹೀರಿ, ಬೀಜ ಉಗುಳಿ ಹೋಗುತ್ತಿದ್ದವು. ನಾನು ಒಂದು ಏರ್‌ಗನ್ನು ತಂದುಕೊಡುತ್ತೇನೆ ಎಂದರೆ ದೊಡ್ಡಮ್ಮ ಎರಡು ಕಿವಿಯನ್ನೂ ಮುಚ್ಚಿಕೊಂಡರು.

"ಸೀಸದ ಗುಂಡು ಮೈಯೊಳಗೆ ಇಟ್ಟುಕೊಂಡು ಅವು ತಿಂಗಳುಗಟ್ಟಲೆ ಕೀವಾಗಿ ಸಾಯ್ತವೆ. ನನ್ನ ಜಾಗದಲ್ಲಿ ಅದು ಬೇಡ" ಎಂದರು. ಮತ್ತೆ, "ಬಣ್ಣ ಹಾಕ್ಲಿಕ್ಕೆ ಆಗ್ತದಾ?" ಎಂದು ಕೇಳಿದರು.

ಮಂಗನಿಗೆ ಬಣ್ಣ ಬಳಿಯುವುದು ಹೊಸ ಉಪಾಯವಲ್ಲ. ಕಬ್ಬಿಣದ ಗೂಡಿಟ್ಟು ಒಂದು ಮಂಗನನ್ನು ಹಿಡಿದು, ಬಣ್ಣ ಬಳಿದು ಬಿಟ್ಟರೆ ಅದು ತನ್ನ ಹಿಂಡಿನ ಕಡೆಗೇ ಓಡುತ್ತದೆ. ಹಿಂಡು ಅದನ್ನು ಕಂಡು ಹೆದರಿ ಊರು ಬಿಡುತ್ತದೆ. ಆದರೆ ಗೂಡಿನಲ್ಲಿ ಸಿಕ್ಕಿದ ಮಂಗ ಸರಳಿಗೆ ಹಲ್ಲು ಮುರಿದುಕೊಳ್ಳುತ್ತದೆ. ದೊಡ್ಡಮ್ಮನಿಗೆ ಅದೂ ಆಗದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಿಡಿಯದೆ, ಗಾಯ ಮಾಡದೆ, ದೂರದಿಂದ ಬಣ್ಣ ಹಾಕಬೇಕು.

"ಬಣ್ಣ ಬೇರೆಯಾದರೆ ತಮ್ಮವರೇ ಓಡ್ತಾರೆ. ಅದು ನಂಗೆ ಯಾರೂ ಹೇಳಿಕೊಡುದು ಬೇಡ" ಎಂದರು ದೊಡ್ಡಮ್ಮ. ತಮಾಷೆಗೆ ಎಂಬ ಹಾಗೆ ಹೇಳಿದರು. ನಾನೂ ನಕ್ಕೆ. ಆಮೇಲೆ ಅವರು ಗಂಭೀರವಾಗಿ, "ಹತ್ತು ದಿನದಲ್ಲಿ ಹೋಗುವ ಬಣ್ಣ ಆಗಬೇಕು ಆಯ್ತಾ? ಅಷ್ಟರೊಳಗೆ ನಾನು ಕಾಯಿ ಕೊಯ್ದುಕೊಳ್ತೇನೆ. ಆಮೇಲೆ ಅದು ಅದರವರ ಒಟ್ಟಿಗೆ ಸೇರಿಕೊಳ್ಳಲಿ" ಎಂದರು.

ಕೆಲಸ ಹಿಡಿದೆ. ಅಂಗಡಿಯ ಮೂಲೆಯಲ್ಲಿ ಹೆಗಲಿಗೆ ಹಾಕುವ ಹಿತ್ತಾಳೆಯ ಮದ್ದಿನ ಟಾಂಕಿ ಒಂದು ಬಿದ್ದಿತ್ತು. ಅದಕ್ಕೆ ಮದ್ದು ಹಾಕದೆ ಬರೀ ಗಾಳಿ ತುಂಬಿಸಿದೆ. ಗೇಜಿನ ಮುಳ್ಳು ನಲವತ್ತು ಪೌಂಡು ತೋರಿಸುವವರೆಗೆ ಪಂಪು ಮಾಡಿದೆ. ಬಾಯಿಗೆ ಒಂದಿಂಚಿನ ಪೈಪು ಸಿಕ್ಕಿಸಿ, ನಡುವೆ ನಲ್ಲಿ ಇಟ್ಟು ತಿರುಗಿಸಿದೆ. ಪರೀಕ್ಷೆಗೆಂದು ಪೈಪಿಗೆ ಹಾಕಿದ್ದ ಗುಂಡು ತುದಿಗೆ ಬಂದು, ಯೋಚನೆ ಮಾಡಿ, ನನ್ನ ಕಾಲಿನ ಮೇಲೆ ಬಿತ್ತು. ಸಾಹೇಬರು ಬೀಡಿ ಕೈಯಲ್ಲೇ ಹಿಡಿದು ನಕ್ಕರು.

"ನೀನು ಗಾಳಿಗೆ ಬಾಗಿಲು ತೆಗೆದು ಬನ್ನಿ, ಕೂತ್ಕೊಳ್ಳಿ ಅಂತಿದ್ದಿ. ಹಾಗಲ್ಲ. ಬಾಗಿಲಿಗೆ ಬಡಿಯಬೇಕು."

ನಲ್ಲಿಯನ್ನು ಎಷ್ಟು ಬೇಗ ತಿರುಗಿಸಿದರೂ ಗಾಳಿ ಮೊದಲು ಸೋರಿ ಆಮೇಲೆ ನುಗ್ಗುತ್ತದೆ. ಅದು ಒಮ್ಮೆಲೇ ನುಗ್ಗಬೇಕು, ಒಮ್ಮೆಲೇ ನಿಲ್ಲಬೇಕು. ನಳಿಗೆ ತುಕ್ಕು ಹಿಡಿದ ಒಂದು ಏರ್‌ಗನ್ನಿನಿಂದ ಸ್ಪ್ರಿಂಗು, ಕೊಕ್ಕೆ, ಕುದುರೆ ಮೂರನ್ನೂ ಕಿತ್ತೆ. ಟಾಂಕಿಯ ಬಾಯಿಗೆ ಒಳಗಿನಿಂದ ಗಾಳಿಯೇ ಒತ್ತಿ ಹಿಡಿಯುವ ಹಾಗೆ ಒಂದು ಹಿತ್ತಾಳೆಯ ಬಿಲ್ಲೆ ಕೂರಿಸಿ, ಅದಕ್ಕೆ ಹೊರಗೆ ಬರುವ ಕಡ್ಡಿ ಬೆಸೆದೆ. ಈಗ ಕುದುರೆ ಎಳೆದರೆ ಸ್ಪ್ರಿಂಗಿನ ಬಲಕ್ಕೆ ಒಂದು ಲೋಹದ ತುಂಡು ಹಾರಿ ಕಡ್ಡಿಗೆ ಬಡಿಯುತ್ತದೆ, ಬಿಲ್ಲೆ ತೆರೆಯುತ್ತದೆ, ಒಳಗಿನ ಗಾಳಿಯೇ ಅದನ್ನು ಮತ್ತೆ ಮುಚ್ಚುತ್ತದೆ. ಮೊದಲ ಸಲ 'ಟಪ್' ಎಂದು ಸದ್ದಾದಾಗ ಎದುರಿನ ಹೋಟೆಲಿನವರು ಟೈರು ಒಡೆಯಿತೆಂದು ಹೊರಗೆ ಬಂದರು.

ಗುಂಡು ಮಾಡಿದ್ದು ದೊಡ್ಡಮ್ಮ. ನೆಲ್ಲಿಕಾಯಿಗೆ ತೆಂಗಿನೆಣ್ಣೆ ಸವರಿ, ಮೈದಾ ಗೋಂದಿನಲ್ಲಿ ಅದ್ದಿದ ಪೇಪರು ಸುತ್ತಿ ಒಣಗಿಸಿ, ಎರಡು ಹೋಳು ಮಾಡಿ ಬಿಡಿಸಿ, ಬಣ್ಣ ತುಂಬಿ ಮತ್ತೆ ಅಂಟಿಸುವುದು. ಪೇಪರು ತೆಳುವಾದರೆ ನಳಿಗೆಯೊಳಗೇ ಒಡೆದು ಬಣ್ಣವೆಲ್ಲ ನನ್ನ ಮುಖಕ್ಕೆ. ದಪ್ಪವಾದರೆ ಗಾಯ ಮಾಡುವ ಕಲ್ಲು. ಗಾಳಿಗೆ ಒಡೆಯಬಾರದು, ಮೈಗೆ ಒಡೆಯಬೇಕು. ಮೂರು ಸುತ್ತು ಪೇಪರು, ಹಿಂದಿನಿಂದ ಒಂದು ಚೂರು ತೆಂಗಿನ ನಾರು ತುರುಕಿದರೆ ಸರಿಯಾಗುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ನನ್ನ ಎರಡು ಅಂಗಿ ಹಾಳಾಗಿದ್ದವು. ಆ ದಿನಗಳಲ್ಲಿ ನಾನು ದೊಡ್ಡಮ್ಮನ ಮನೆಯಲ್ಲಿ ಉಂಡೆ, ನಕ್ಕೆ, ಅವರ ಎದುರು ಕೂತು ಗೋಂದು ಕಲಸಿದೆ. ಅವರು ಅಷ್ಟು ಮಾತಾಡಿದ್ದನ್ನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮೊದಲು ಹಾಕಿದ್ದು ಅರಸಿನ, ಸುಣ್ಣ ಕದಡಿದ ಕೆಂಪು ನೀರು. ಒಂದು ಗಂಡು ಮಂಗನ ಸೊಂಟಕ್ಕೆ ತಾಗಿತು. ಅದು ಮರದ ಮೇಲೆ ಕೂತು ನೆಕ್ಕಿತು, ಜೊತೆಯವೂ ಬಂದು ನೆಕ್ಕಿದವು. ಸಂಜೆಗೆ ಮಂಗ ಚೊಕ್ಕ. ನನಗೆ ಮರ್ಯಾದೆ ಹೋದ ಹಾಗಾಯಿತು. ಇಷ್ಟು ಚೆಂದದ ಕೋವಿ ಮಾಡಿ ಮಂಗಗಳಿಗೆ ಅರಸಿನ ನೀರು ಕುಡಿಸುವುದೇ? ಪುತ್ತೂರಿಗೆ ಬಂದವನು ಕಬ್ಬಿಣದ ಗೇಟಿಗೆ ಬಳಿಯುವ ರೆಡ್ ಆಕ್ಸೈಡು ತೆಗೆದುಕೊಂಡೆ. ಬಿಸಿಲಿಗೆ ಮಳೆಗೆ ಜಗ್ಗದ ಎಣ್ಣೆ ಬಣ್ಣ. ದೊಡ್ಡಮ್ಮ ಕೇಳಿದಾಗ, "ಇದು ಸ್ವಲ್ಪ ಗಟ್ಟಿ ಅಷ್ಟೆ. ಹತ್ತು ದಿನದಲ್ಲಿ ಹೋಗ್ತದೆ" ಎಂದೆ. ನನ್ನ ಜೀವನದಲ್ಲಿ ನಾನು ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಈ ಒಂದನ್ನು ಇವತ್ತಿಗೂ ನನಗೆ ನುಂಗಲು ಆಗಿಲ್ಲ.

ಗುರಿ ಇಟ್ಟದ್ದು ದೊಡ್ಡ ಗಂಡಿಗೆ. ಕುದುರೆ ಎಳೆಯುವಾಗ ಅದು ಕೊಂಬೆ ಬದಲಿಸಿತು. ಹಿಂದೆ ಕೂತಿದ್ದ ಒಂದು ಎಳೆಯ ಹೆಣ್ಣಿನ ತಲೆಯಿಂದ ಹೆಗಲಿನವರೆಗೆ ಬಣ್ಣ ಒಡೆಯಿತು. ಅದಕ್ಕೆ ನೋವಾದ ಹಾಗೆ ಕಾಣಲಿಲ್ಲ. ಒಂದು ಸಲ ತಲೆ ಕೊಡವಿ ಪಕ್ಕದ ಮಂಗನ ಕಡೆಗೆ ತಿರುಗಿತು. ಪಕ್ಕದ್ದು ಹಲ್ಲು ಕಿರಿದು ಹಾರಿತು. ಅದು ಇನ್ನೊಂದರ ಹತ್ತಿರ ಹೋಯಿತು, ಅದೂ ಹಾರಿತು. ಮತ್ತೆ ಇಡೀ ಹಿಂಡು ಕಿರುಚುತ್ತಾ ನೆಟ್ಟಣದ ರೈಲು ದಾರಿಯ ಕಡೆಗೆ ಓಡಿತು, ಹಿಂದಿನಿಂದ ಕೆಂಪು ತಲೆ ಓಡಿತು. ಅದು ಬೇಗ ಓಡಿದಷ್ಟೂ ಅವು ಇನ್ನೂ ಬೇಗ ಓಡಿದವು. ನಾನು ಚಪ್ಪಾಳೆ ತಟ್ಟಿದೆ. ದೊಡ್ಡಮ್ಮ ತಟ್ಟಲಿಲ್ಲ.

ಕಾಯಿ ಉಳಿಯಿತು. ಸುತ್ತಿನವರೆಲ್ಲ ನನ್ನನ್ನು ಹೊಗಳಿದರು, ಕೋವಿ ನೋಡಲು ಬಂದರು. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಕೆಂಪು ತಲೆಯ ಮಂಗ ಒಂದೇ ವಾಪಸು ಬಂತು. ದೊಡ್ಡಮ್ಮನ ಬಾವಿಕಟ್ಟೆಯ ಮೇಲೆ ಕೂತಿತು. ಕೊಕ್ಕೋಕ್ಕೆ ಕೈ ಹಾಕಲಿಲ್ಲ. ಮಂಗ ಒಂಟಿಯಾಗಿ ಸುಮ್ಮನೆ ಕೂತದ್ದನ್ನು ನೀವು ನೋಡಿದ್ದೀರೋ ಇಲ್ಲವೋ. ಅದಕ್ಕೆ ಹೇನು ಹೆಕ್ಕಲು ಇನ್ನೊಂದು ಮೈ ಬೇಕು. ಇಲ್ಲದಿದ್ದರೆ ಅದರ ಕೈಗಳಿಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಅದು ತನ್ನದೇ ಬಾಲವನ್ನು ಮಡಿಲಲ್ಲಿಟ್ಟುಕೊಂಡು ಹೆಕ್ಕುತ್ತಿತ್ತು.

ಒಂದು ತಿಂಗಳು ಕಳೆದು ನಾನು ಹೋದಾಗ ದೊಡ್ಡಮ್ಮ ಒಳಗೆ ಕರೆಯಲಿಲ್ಲ. ಅಂಗಳದಲ್ಲೇ ನಿಲ್ಲಿಸಿ ಕೇಳಿದರು.

"ಹತ್ತು ದಿನ ಅಂದಿದ್ದಿ. ತಿಂಗಳಾಯ್ತು. ಅವಳ ತಲೆ ಹಾಗೇ ಉಂಟು. ಎಂತ ಬಣ್ಣ ಅದು?"

ಮಂಗ ಅವರ ಬಾಯಲ್ಲಿ ಅವಳಾಗಿತ್ತು. ನಾನು ನಿಜ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎದುರು ಮಾತಾಡಲಿಕ್ಕಾದರೂ ಆಗುತ್ತಿತ್ತು.

"ಗೇಟಿನ ಬಣ್ಣ" ಎಂದರು. ಮತ್ತೆ ಬಾವಿಕಟ್ಟೆಯ ಕಡೆಗೆ ನೋಡಿದರು. "ನಂಗೆ ಹೇಳಬಹುದಿತ್ತು ನೀನು. ನಾನು ಬೇಡ ಅಂತಿದ್ದೆ."

ಸೀಮೆಎಣ್ಣೆ ಬಟ್ಟೆ ಹಿಡಿದುಕೊಂಡು ಹತ್ತಿರ ಹೋದೆ, ಅದು ಮರ ಹತ್ತಿತು. ಎರಡು ದಿನ ಪ್ರಯತ್ನ ಮಾಡಿದೆ. ಆಗ ನನ್ನ ಮೆಕ್ಯಾನಿಕ್ ಬುದ್ಧಿಗೆ ಒಂದು ದಾರಿ ಹೊಳೆಯಿತು. ಒಂದರ ಬಣ್ಣ ತೆಗೆಯಲು ಆಗದಿದ್ದರೆ ಎಲ್ಲದಕ್ಕೂ ಅದೇ ಬಣ್ಣ ಹಾಕಬೇಕು. ಹಿಂಡೆಲ್ಲ ಕೆಂಪಾದರೆ ಕೆಂಪಿಗೆ ಹೆದರುವವರು ಯಾರು? ದೊಡ್ಡಮ್ಮನಿಗೆ ಹೇಳಿದಾಗ ಅವರ ಮುಖದಲ್ಲಿ ಒಂದು ಆಸೆ ಕಂಡಿತು. ಮತ್ತೆ ಕೂತು ಇಪ್ಪತ್ತು ಗುಂಡು ಮಾಡಿಕೊಟ್ಟರು. ಈ ಸಲ ನಮ್ಮೊಳಗೆ ನಗು ಇರಲಿಲ್ಲ.

ಹಿಂಡು ರೈಲು ದಾರಿಯ ಆಚೆ ಕಾಡಿನ ಅಂಚಿನಲ್ಲಿತ್ತು. ಟಾಂಕಿ ಬೆನ್ನಿಗೆ ಹಾಕಿಕೊಂಡು ಹೋದೆ. ದೊಡ್ಡಮ್ಮ ಸೊಂಟಕ್ಕೆ ಸೆರಗು ಕಟ್ಟಿಕೊಂಡು ಗುಂಡಿನ ಬುಟ್ಟಿ ಹಿಡಿದು ಬಂದರು. ಪ್ರತಿ ಹೊಡೆತಕ್ಕೂ ಹತ್ತಿಪ್ಪತ್ತು ಸಲ ಪಂಪು ಮಾಡಬೇಕು, ಅಷ್ಟರೊಳಗೆ ಅವು ದೂರ. ಮಧ್ಯಾಹ್ನದವರೆಗೆ ಎರಡಕ್ಕೆ ತಾಗಿತು. ಒಂದು ಮುದಿ ಹೆಣ್ಣು, ಒಂದು ಗಂಡು. ಉಳಿದವು ಅವೆರಡನ್ನೂ ಬಿಟ್ಟು ಓಡಿದವು. ಇನ್ನಾದರೂ ಈ ಎರಡು ಒಟ್ಟಿಗೆ ಸೇರುತ್ತವೆ ಎಂದು ನಾವು ಮರದ ಹಿಂದೆ ಉಸಿರು ಹಿಡಿದು ನಿಂತೆವು.

ಅವು ಎದುರು ಬದುರಾದವು. ಮುದಿ ಹೆಣ್ಣು ಗಂಡಿನ ಹೆಗಲಿನ ಕೆಂಪನ್ನು ನೋಡಿತು. ಗಂಡು ಅದರ ಬೆನ್ನಿನ ಕೆಂಪನ್ನು ನೋಡಿತು. ಎರಡೂ ಕಿರುಚಿ, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಓಡಿದವು. ಪಾಪ, ತನ್ನ ಮೈಯೂ ಕೆಂಪೆಂದು ಯಾವುದಕ್ಕೂ ಗೊತ್ತಿರಲಿಲ್ಲ.

ನಾನು ಮತ್ತೆ ಪಂಪಿಗೆ ಕೈ ಹಾಕಿದೆ. ದೊಡ್ಡಮ್ಮ ನನ್ನ ಕೈ ಹಿಡಿದರು. ಅವರು ನನ್ನನ್ನು ಮುಟ್ಟಿದ್ದು ನನಗೆ ನೆನಪಿರುವ ಹಾಗೆ ಅದೇ ಮೊದಲು.

"ಸಾಕು. ಇದು ಆಗುದಿಲ್ಲ" ಎಂದರು. "ಕಡಬ ಪೇಟೆಗೆ ಒಬ್ಬಳು ಬರ್ತಿದ್ದಳು, ನನ್ನ ಹಾಗೇ, ಮುಖ ಎಲ್ಲ ಬಿಳಿ. ಎಷ್ಟೋ ಸಲ ನನ್ನನ್ನು ನೋಡಿ ನಗಾಡಿದಳು, ಮಾತಾಡ್ಲಿಕ್ಕೆ ಅಂತ. ನಾನು ಒಂದು ದಿನ ಆದರೂ ನಿಲ್ಲಲಿಲ್ಲ. ಅವಳನ್ನು ಕಂಡ ಕೂಡಲೇ ದಾರಿ ಬದಲಿಸ್ತಿದ್ದೆ."

ರೈಲು ದಾರಿಯ ಜಲ್ಲಿಯ ಮೇಲೆ ನಡೆದು ಬಂದೆವು. ಟಾಂಕಿಯಲ್ಲಿ ಉಳಿದ ಗಾಳಿ ಎಲ್ಲಿಂದಲೋ ಸಣ್ಣಗೆ ಸೋರುತ್ತಿತ್ತು. ಆ ಸದ್ದು ನನ್ನ ಬೆನ್ನಿಗೇ ಅಂಟಿಕೊಂಡು ಬಂತು. ಈಗಲೂ ಯಾರಾದರೂ ಸೈಕಲ್ ಟ್ಯೂಬಿನ ಗಾಳಿ ಬಿಟ್ಟರೆ ನಾನು ತಿರುಗಿ ನೋಡುತ್ತೇನೆ. ಪುತ್ತೂರಿಗೆ ಬಂದು ಕೋವಿಯನ್ನು ಬಿಚ್ಚಿಹಾಕಿದೆ. ಯಾಕೆಂದು ಸಾಹೇಬರು ಕೇಳಿದರು. ಗಾಳಿ ಹಿಡಿಯಲು ಬರುತ್ತದೆ, ಬಿಡಲು ನನಗೆ ಬರುವುದಿಲ್ಲ ಎಂದೆ.

ಮುದಿ ಹೆಣ್ಣೂ ಆ ಗಂಡೂ ಮತ್ತೆ ಕಾಣಲಿಲ್ಲ. ಕೆಂಪು ತಲೆಯದು ಮಾತ್ರ ಬಾವಿಕಟ್ಟೆ ಬಿಡಲಿಲ್ಲ. ದೊಡ್ಡಮ್ಮ ಅದಕ್ಕೆ ದಿನಾ ಒಂದು ಹಳದಿ ಕೊಕ್ಕೋ ಕಾಯಿ ಒಡೆದು ಇಡುತ್ತಿದ್ದರು.

ದೀಪಾವಳಿ ಕಳೆದು ನನ್ನ ಮದುವೆ ನಿಶ್ಚಯವಾಯಿತು. ಮದುವೆಯ ಕಾಗದ ಹಿಡಿದುಕೊಂಡು ದೊಡ್ಡಮ್ಮನನ್ನು ಕರೆಯಲು ಹೋದೆ. ಮಂಗ ಕಟ್ಟೆಯ ಮೇಲಿತ್ತು. ಕೂದಲು ಉದುರಿ ಹೊಸದು ಬಂದು ಬಣ್ಣ ಹೋಗಿತ್ತು. ಕಿವಿಯ ಹಿಂದೆ ಮಾತ್ರ ಒಂದು ಚೂರು.

"ಹಿಂಡು ಬರಲಿಲ್ವಾ ದೊಡ್ಡಮ್ಮಾ?" ಎಂದು ಕೇಳಿದೆ. ಇಡೀ ಮಳೆಗಾಲ ನಾನು ಕಾದಿದ್ದು ಅದೊಂದು ಮಾತಿಗೆ.

"ಬಂದಿತ್ತು. ಹೋದ ವಾರ. ಇಲ್ಲೇ, ಈ ಹಲಸಿನ ಮರಕ್ಕೆ" ಎಂದರು. "ಇವಳ ಹತ್ತಿರ ಒಂದೆರಡು ಇಳಿದೇ ಬಂದವು. ಅವು ಹೆದರಲಿಲ್ಲ ಮಗಾ. ಇವಳೇ ಓಡಿದಳು. ಕೊಟ್ಟಿಗೆಯ ಮಾಡಿನ ಕೆಳಗೆ ಹೋಗಿ ಕೂತವಳು ಅವು ಹೋಗುವವರೆಗೆ ಹೊರಗೆ ಬರಲಿಲ್ಲ."

ಆ ರಾತ್ರಿಯೇ ಸುಳ್ಯಕ್ಕೆ ಬಂದು ಅಮ್ಮನ ಹತ್ತಿರ ಜಗಳ ಮಾಡಿದೆ. ಮದುವೆಯ ಮನೆಯಲ್ಲಿ ಆ ಲೋಟ ಕಾಣಿಸಿದರೆ ತಾಳಿ ಕಟ್ಟುವುದಿಲ್ಲ ಎಂದು ಕೂಗಾಡಿದೆ. ಅಮ್ಮ ಎದ್ದು ಹೋಗಿ ಗೂಡಿನಿಂದ ಲೋಟ ತೆಗೆದಳು. ಅಷ್ಟು ವರ್ಷದ ಸಂಗತಿ ಅಷ್ಟು ಸುಲಭಕ್ಕೆ ಮುಗಿಯಿತು ಎಂದು ಮೀಸೆ ತಿರುವಿದೆ.

ದೊಡ್ಡಮ್ಮ ಮದುವೆಯ ಬೆಳಿಗ್ಗೆ ಬಂದರು, ಒಗೆದು ಮಡಿ ಮಾಡಿದ ಸೀರೆ ಉಟ್ಟು. ಅಮ್ಮನೇ ಕೈ ಹಿಡಿದು, "ಅಕ್ಕ, ಒಳಗೆ ಬಾ" ಎಂದಳು. ದೊಡ್ಡಮ್ಮ ಜಗಲಿಯಲ್ಲೇ ಕೂತರು. ನಾನು ಮದುಮಗನ ಪಂಚೆಯಲ್ಲೇ ಕಾಫಿಯ ಪಾತ್ರೆಯನ್ನೂ, ಎಲ್ಲರಿಗೂ ಕೊಡುವ ಲೋಟಗಳ ತಟ್ಟೆಯನ್ನೂ ಹಿಡಿದುಕೊಂಡು ಅವರ ಎದುರು ಬಂದೆ.

ಅವರ ಕೈ ಗೂಡಿಗೆ ಹೋಯಿತು. ಒಳಗೆಲ್ಲ ತಡಕಿದರು. ನಾನು ತಟ್ಟೆಯನ್ನು ಇನ್ನೂ ಮುಂದೆ ಹಿಡಿದೆ. ಅವರು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿ ನಕ್ಕರು, ಕೈಚೀಲ ಬಿಚ್ಚಿ ಅದರೊಳಗಿನಿಂದ ತಮ್ಮ ಮನೆಯ ಲೋಟವನ್ನು ತೆಗೆದರು.

"ಅದು ಎಲ್ಲಿಯೋ ಹೋಗಿದೆ ಕಾಣ್ತದೆ. ನಾನು ತಂದದ್ದು ಒಳ್ಳೆದಾಯ್ತು" ಎಂದು ಲೋಟ ಮುಂದೆ ಹಿಡಿದರು.

ನಾನು ಅದಕ್ಕೇ ಕಾಫಿ ಹೊಯ್ದೆ.